ಹೊಗೆಯ ಊರಿನ ವೃತ್ತಾಂತ

ಜಪಾನು ದೇಶವನ್ನು ನೋಡಿಬಂದ ನಮ್ಮವರನ್ನು ವಿಚಾರಿಸಿದರೆ ಟೋಕಿಯೋ, ಕ್ಯೋತೋ, ನಾರಾ, ಓಸಾಕಾ, ಹಿರೋಷಿಮಾ ಎಂಬ ಹೆಸರುಗಳು ಕ್ರಮ ತಪ್ಪದೆ ಅವರ ಬಾಯಿಂದ ಬರುತ್ತವೆ. ಅವರಲ್ಲಿ ಹೆಚ್ಚಿನ ಉತ್ಸಾಹವುಳ್ಳವರು ಹಿರೋಷಿಮಾದಿಂದ ಪಶ್ಚಿಮಾಭಿಮುಖವಾಗಿ ಹೊರಟು, ಸಮುದ್ರದಡಿಯ ಸುರಂಗವನ್ನು ಹಾದು, ಕ್ಯೂಷು ದ್ವೀಪವನ್ನು ಸೇರಿ, ನಾಗಾಸಾಕಿಯವರೆಗೂ ಹೋಗಿಬಂದಿರುವುದುಂಟು. ಇವರನ್ನು ಹೊತ್ತ ಶಿಂಕಾನ್ಸೆನ್ ಗಾಡಿಯು ಸುರಂಗದಿಂದ ಹೊರಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಕೊಕುರಾ ಎಂಬ ನಿಲ್ದಾಣದಲ್ಲಿ ಕ್ಷಣಕಾಲ ನಿಂತು ಮುಂದಕ್ಕೆ ಹೊರಡುತ್ತದೆ. ಅಲ್ಲಿಂದ ಹಕಾತಾ ನಿಲ್ದಾಣಕ್ಕೆ ಕಾಲು ಗಂಟೆಯ ದಾರಿ. ಆ ಕಾಲು ಗಂಟೆಯನ್ನು ಪ್ರಯಾಣಿಕನು ತನ್ನ ಪೆಟ್ಟಿಗೆಗಳನ್ನು ಕೆಳಗಿಳಿಸಿಕೊಳ್ಳುವುದರಲ್ಲಿ ಕಳೆಯುತ್ತಾನೆ. ಹೀಗೆ ಸುಮಾರು ೯ ಲಕ್ಷ ಜನರು ವಾಸಮಾಡುವ ಒಂದು ನಗರವು ಅವನ ಕಣ್ಣಿಗೆ ಬೀಳದೆಯೇ ಹಿಂದಕ್ಕೆ ಸರಿದುಹೋಗುತ್ತದೆ.

ನಾನು ಕೊಕುರಾದಲ್ಲಿ ಇಳಿದು ಮೂರು ದಿನ ಇದ್ದೆನೆಂದು ಹೇಳಿದಾಗ, ಜಪಾನನ್ನು ನನಗಿಂತ ಚೆನ್ನಾಗಿ ಬಲ್ಲ ಮಿತ್ರರೊಬ್ಬರು, "ಅಲ್ಲೇನಿದೆಯಪ್ಪಾ ನೋಡುವುದಕ್ಕೆ? ಬರೀ ಕಾರ್ಖಾನೆಗಳು!" ಎಂದು ನಕ್ಕರು. ಅವರ ಮಾತು ಸುಳ್ಳೇನೂ ಅಲ್ಲ. ಆದರೆ ದೇವಾಲಯಗಳಿಗೂ ಕೋಟೆಗಳಿಗೂ ಇರುವಂತೆ ಕಾರ್ಖಾನೆಗಳಿಗೂ ಚರಿತ್ರೆ ಉಂಟು. ಈ ಊರಿನ ಚರಿತ್ರೆಯನ್ನಾದರೋ ಅದರ ಹೊಗೆಯ ಚರಿತ್ರೆಯೆಂದೇ ಹೇಳಬಹುದು. ಅದನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಮೊದಲು ಹೆಸರಿನ ವಿಚಾರ. ಈ ನಗರವನ್ನು ಕಿತಾಕ್ಯೂಷು ಎಂದು ಕರೆಯುತ್ತಾರೆ. ಕಿತಾ ಎಂದರೆ ಉತ್ತರ. ಆದಕಾರಣ ಇದರ ಅರ್ಥ 'ಉತ್ತರ ಕ್ಯೂಷು' ಎಂದಾಯಿತು. ಊರೆಂದು ಪ್ರೀತಿಯಿಂದ ಇಟ್ಟ ಹೆಸರಿನಂತೆ ಇದು ಕಾಣುವುದಿಲ್ಲ. ರೆವಿನ್ಯೂ ಕಚೇರಿಯ ಗುಮಾಸ್ತನು ಕಾಗದದ ಮೇಲೆ ಬರೆದುಕೊಂಡ ಗುರುತಿನಂತಿದೆ. ಹಾಗಾದುದಕ್ಕೆ ಕಾರಣವುಂಟು. ೧೯೬೩ನೆಯ ಇಸವಿ ಫೆಬ್ರವರಿ ೧೦ನೆಯ ತಾರೀಖಿನವರೆಗೆ ಇಂಥದೊಂದು ಊರೇ ಇರಲಿಲ್ಲ. ಮೋಜಿ, ಕೊಕುರಾ, ತೊಬಾತಾ, ಯಾಹತಾ, ವಾಕಾಮಾತ್ಸು ಎಂಬ ಐದು ಪಟ್ಟಣಗಳು ಒಂದರ ಬೆನ್ನಿಗೆ ಒಂದು ಹತ್ತಿಕೊಂಡು ಬೆಳೆದಿದ್ದು, ಅಂದು ಕಾನೂನಿನ ಪ್ರಕಾರ ಒಂದಾದುವು. ಒಂದಾದಾಗ ಅವುಗಳ ಒಟ್ಟು ಜನಸಂಖ್ಯೆ ೧೦ ಲಕ್ಷವನ್ನು ಮೀರಿತ್ತು. ಆದರೂ ಐದು ಊರುಗಳವರಿಗೂ ತಮ್ಮ ತಮ್ಮ ಹಳೆಯ ಹೆಸರಿನ ಮೇಲಿನ ಮೋಹ ಇನ್ನೂ ಹೋಗಿಲ್ಲ. ಯಾವ ಊರೆಂದು ಕೇಳಿದರೆ ಕೊಕುರಾ ಎನ್ನುವರು, ಮೋಜಿ ಎನ್ನುವರು; ಕಿತಾಕ್ಯೂಷು ಎಂಬ ಮಾತು ತಡವಾಗಿ ಬರುತ್ತದೆ.

ಈ ಐದರಲ್ಲಿ ಪ್ರಾಚೀನತೆಯ ಗೌರವವಿರುವುದು ಕೊಕುರಾಕ್ಕೆ. ಹೊಸೊಕಾವಾ ಎಂಬ ಪಾಳೆಯಗಾರ ಮನೆತನದವರು ೧೭ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿಸಿದರು. ೧೮೬೬ರಲ್ಲಿ ಚೋಷು ಸೀಮೆಯವರ ಸೈನ್ಯ ಮೇಲೆ ಬಿದ್ದಾಗ, ಆಗ ಅಲ್ಲಿ ಆಳುತ್ತಿದ್ದ ಒಗಾಸಾವಾರಾ ಮನೆತನದವರು ತಮ್ಮ ಕೋಟೆಗೆ ತಾವೇ ಬೆಂಕಿಯಿಟ್ಟು ಹಿಂದೆ ಸರಿದರು. ಈಗ ಉದ್ಯಾನದ ನಡುವೆ ಕಾಣುವ ಬುರುಜು ೧೯೫೯ರಲ್ಲಿ ಕಾಂಕ್ರೀಟಿನಿಂದ ಎಬ್ಬಿಸಿದ್ದು. ದೂರದಿಂದ ನೋಡುವುದಕ್ಕೆ ಚೆನ್ನಾಗಿದೆ. ಅದರಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಅಗತ್ಯವಿಲ್ಲ.

ನಿಜವಾದ ಕಥೆ ಪ್ರಾರಂಭವಾಗುವುದು ಕಲ್ಲಿದ್ದಲಿನಿಂದ. ಊರಿನ ನೈರುತ್ಯಕ್ಕೆ ಚಿಕುಹೋ ಎಂಬ ಗಣಿಸೀಮೆ ಇದೆ. ಅಲ್ಲಿಯ ಇದ್ದಲನ್ನು ಒಂಗಾ ನದಿಯ ಮೇಲೆ ತಳ ಚಪ್ಪಟೆಯಾದ ಸಾವಿರಾರು ದೋಣಿಗಳಲ್ಲಿ ತುಂಬಿ ಸಮುದ್ರತೀರಕ್ಕೆ ತರುತ್ತಿದ್ದರು. ೧೮೯೧ರಲ್ಲಿ ವಾಕಾಮಾತ್ಸುವಿನವರೆಗೆ ರೈಲುದಾರಿಯಾದ ಮೇಲೆ ದೋಣಿಗಳು ಮೂಲೆಗೆ ಬಿದ್ದುವು. ಬೆಸ್ತರ ಹಳ್ಳಿಯಾಗಿದ್ದ ವಾಕಾಮಾತ್ಸು ದೊಡ್ಡ ಇದ್ದಲ ಬಂದರಾಯಿತು. ಆಚೆಯ ತುದಿಯಲ್ಲಿ, ಹೊನ್ಷು ದ್ವೀಪಕ್ಕೆ ಎದುರಾಗಿ, ಮೋಜಿ ಬಂದರು ೧೮೮೯ರಲ್ಲಿ ತೆರೆಯಿತು. ಹಡಗುಗಳಿಗೆ ಇದ್ದಲು ತುಂಬುವ ಕೂಲಿಗಳಲ್ಲಿ ಹೆಂಗಸರೂ ಬಹುಮಂದಿ ಇದ್ದರು. ಹಡಗಿನ ಪಕ್ಕಕ್ಕೆ ಏಣಿಗಳನ್ನು ಒರಗಿಸಿ, ಮೆಟ್ಟಿಲಿಗೊಬ್ಬರಂತೆ ನಿಂತು, ಬುಟ್ಟಿಗಳನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಿದ್ದರು. ವಾಕಾಮಾತ್ಸುವಿನ ಕಾದಂಬರಿಕಾರ ಹೀನೋ ಆಶಿಹೇಯಿಯ ತಂದೆ ಇಂಥ ಕೂಲಿಗಳ ಮೇಸ್ತ್ರಿಯಾಗಿದ್ದವನು. ಮಗನು ತಂದೆಯ ಜೀವನವನ್ನೇ ಒಂದು ದೊಡ್ಡ ಕಾದಂಬರಿಯಾಗಿ ಬರೆದನು. ಪ್ರಸಂಗವಶಾತ್ ಇನ್ನೊಂದು ಮಾತು: ೧೯೧೪ರ ಏಪ್ರಿಲಿನಲ್ಲಿ, ಕೆನಡಾ ದೇಶಕ್ಕೆ ಹೊರಟ ನಮ್ಮ ಪಂಜಾಬಿನ ಪ್ರಯಾಣಿಕರನ್ನು ಹೊತ್ತ ಕೊಮಗಾತ ಮಾರು ಹಡಗು ಮೋಜಿಯಲ್ಲಿ ತಂಗಿ, ಇನ್ನಷ್ಟು ಜನರನ್ನು ಹತ್ತಿಸಿಕೊಂಡು ಮುಂದೆ ಹೋಯಿತು. ಆ ಪ್ರಯಾಣದ ದುಃಖಾಂತ್ಯವನ್ನು ವಾಚಕರು ಬಲ್ಲರು.

ಇದ್ದಲು ಹತ್ತಿರವಿದ್ದುದರಿಂದಲೇ ಕಬ್ಬಿಣ ಬಂದಿತು. ೧೮೯೪-೯೫ರಲ್ಲಿ ಜಪಾನು ಚೀನವನ್ನು ಸೋಲಿಸಿ ಅದರಿಂದ ಅಪಾರವಾದ ಯುದ್ಧದಂಡವನ್ನು ವಸೂಲುಮಾಡಿತು. ಯುದ್ಧಸಾಮಗ್ರಿಗೆ ಬೇಕಾದ ಉಕ್ಕನ್ನು ಪರದೇಶಗಳಿಂದ ಕೊಂಡು ಎಷ್ಟು ದಿನ ನಡೆಯೀತೆಂದು ಯೋಚಿಸಿ, ೧೮೯೬ರಲ್ಲಿ ಅವರ ಶಾಸನಸಭೆಯು ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಸಮ್ಮತಿ ಕೊಟ್ಟಿತು. ದಂಡದ ಹಣದ ಒಂದು ಭಾಗ ಅದಕ್ಕೆ ಸಂದಿತು. ಮಾರನೆಯ ವರ್ಷ ದೋಕಾಯಿ ಕೊಲ್ಲಿಯ ದಡದಲ್ಲಿ, ರೈತರೂ ಬೆಸ್ತರೂ ವಾಸಿಸುತ್ತಿದ್ದ ಯಾಹತಾ ಎಂಬ ಸಣ್ಣ ಗ್ರಾಮವನ್ನು ಆರಿಸಿದರು. ನಕ್ಷೆ ಜರ್ಮನಿಯದು, ಯಂತ್ರ ಜರ್ಮನಿಯದು, ಮುಖ್ಯ ಯಂತ್ರಶಿಲ್ಪಿಗಳೂ ಜರ್ಮನರೇ. ಅದಿರು ಚೀನದ ದಾಯೇ ಗಣಿಗಳಿಂದ ಬರತಕ್ಕದ್ದೆಂದು ೧೮೯೯ರಲ್ಲಿ ಒಪ್ಪಂದವಾಯಿತು. ಸೋತವನ ಹಣದಿಂದ ಕಟ್ಟಿದ ಕುಲುಮೆಗೆ ಸೋತವನ ನೆಲದ ಅದಿರೇ ಆಹಾರವಾಯಿತು. ಚೀನದ ಜನರು ಇದನ್ನು ಮರೆತಿಲ್ಲವೆಂಬುದನ್ನು ಜಪಾನಿನ ಈ ಸಾಹಸವನ್ನು ಕೊಂಡಾಡುವವರು ನೆನಪಿನಲ್ಲಿಡುವುದು ಒಳ್ಳೆಯದು.

೧೯೦೧ನೆಯ ಇಸವಿ ಫೆಬ್ರವರಿ ೫ರಂದು ಹಿಗಾಶಿದಾ ಎಂಬಲ್ಲಿ ಮೊದಲನೆಯ ಊದುಕುಲುಮೆಗೆ ಬೆಂಕಿ ಹೊತ್ತಿಸಿದರು. ದಿನಕ್ಕೆ ೧೬೦ ಟನ್ನು ಕಬ್ಬಿಣ ಬರಬೇಕೆಂಬುದು ಲೆಕ್ಕ. ನವೆಂಬರಿನಲ್ಲಿ ಗಣ್ಯರೆಲ್ಲ ನೆರೆದು ಉದ್ಘಾಟನೆಯನ್ನು ನೆರವೇರಿಸಿದರು. ಕುಲುಮೆ ಮಾತ್ರ ಯಾರ ಮರ್ಯಾದೆಯನ್ನೂ ಉಳಿಸಲಿಲ್ಲ. ಕಬ್ಬಿಣ ಲೆಕ್ಕಕ್ಕೆ ತಕ್ಕಷ್ಟು ಬರಲಿಲ್ಲ. ಬೊಕ್ಕಸದ ಹಣ ಕರಗಿತು. ೧೯೦೨ರ ಜುಲೈ ತಿಂಗಳಲ್ಲಿ ಬೆಂಕಿಯನ್ನು ಆರಿಸಬೇಕಾಯಿತು. ಜರ್ಮನ್ ಶಿಲ್ಪಿಗಳು ಊರಿಗೆ ಹಿಂದಿರುಗಿದರು. ಆ ಮೇಲೆ ಲೋಹಶಾಸ್ತ್ರಜ್ಞನಾದ ನೋರೋ ಕಾಗೆಯೋಷಿಯನ್ನು ಸಲಹೆಗಾಗಿ ಕರೆತಂದರು. ಜಪಾನಿನ ಇದ್ದಲಿನಿಂದ ಆಗುವ ಕೋಕು ಜರ್ಮನಿಯ ಕೋಕಿನಷ್ಟು ಗಟ್ಟಿಯಲ್ಲವೆಂಬುದನ್ನೂ, ಕುಲುಮೆಯ ಒಳಗಿನ ಆಕಾರ ಅದಕ್ಕೆ ಒಗ್ಗುವಂಥದಲ್ಲವೆಂಬುದನ್ನೂ ಆತನು ಕಂಡುಹಿಡಿದು, ಕುಲುಮೆಯ ಹೊಟ್ಟೆಯನ್ನು ತಿದ್ದಿಸಿ, ಕೋಕನ್ನು ಸುಡುವ ರೀತಿಯನ್ನು ಬದಲಾಯಿಸಿದನು. ೧೯೦೪ರ ಜುಲೈಯಲ್ಲಿ ಹೊತ್ತಿಸಿದ ಬೆಂಕಿ ನಿಂತಿತು. ಆಗ ರಷ್ಯದೊಡನೆ ಯುದ್ಧ ನಡೆಯುತ್ತಿತ್ತು. ಕಾರ್ಖಾನೆಗೆ ಮೊದಲ ಲಾಭ ಬಂದುದು ೧೯೧೦ರಲ್ಲಿ.

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನಿಗೆ ಹೋದುದು ೧೮೯೮ರಲ್ಲಿ. ಯಾಹತಾದಲ್ಲಿ ಆಗ ಕಟ್ಟಡದ ಕೆಲಸ ನಡೆದಿತ್ತು. ಎರಡನೆಯ ಸಲ ಹೋದುದು ೧೯೧೯-೨೦ರಲ್ಲಿ. ಆ ವೇಳೆಗೆ ಯಾಹತಾ ಆ ದೇಶದ ಉಕ್ಕಿನ ತವರಾಗಿತ್ತು. ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿದುದು ೧೯೨೩ರಲ್ಲಿ, ಅದೂ ಕಲ್ಲಿದ್ದಲಿಲ್ಲದ ಸೀಮೆಯಾದುದರಿಂದ ಮಲೆನಾಡಿನ ಕಟ್ಟಿಗೆಯ ಇದ್ದಲಿನ ಬಲದಿಂದ. ಭದ್ರಾವತಿಯ ಮೊದಲ ವರ್ಷಗಳ ನಷ್ಟವನ್ನು ಕಂಡು ಮೈಸೂರಿನಲ್ಲಿ ಎದ್ದ ಗುಲ್ಲನ್ನು ಹಿರಿಯರ ಬಾಯಿಂದ ಕೇಳಿದವರು, ಯಾಹತಾ ಕುಲುಮೆ ಎರಡು ವರ್ಷ ತಣ್ಣಗೆ ನಿಂತಿದ್ದ ಈ ಸಂಗತಿಯನ್ನು ಓದಿದರೆ ಸ್ವಲ್ಪ ಸಮಾಧಾನಪಟ್ಟಾರು.

ಬೆಂಕಿ ನಿಂತ ಮೇಲೆ ಹೊಗೆ ಎದ್ದಿತು. ಚಿಮಣಿಗಳು ಹತ್ತಾದುವು, ನೂರಾದುವು. ಕೆಂಪು, ಹಳದಿ, ಕಪ್ಪು, ಬಿಳುಪು ಎಂದು ನಾನಾ ವರ್ಣದ ಹೊಗೆ ಬರುತ್ತಿದ್ದುದರಿಂದ 'ಏಳು ಬಣ್ಣದ ಹೊಗೆ' ಎಂಬ ಮಾತೇ ಹುಟ್ಟಿತು. ಅದು ಆಗ ಬೈಗುಳವಾಗಿರಲಿಲ್ಲ. ಯಾಹತಾ ಪಟ್ಟಣದ ಅಧಿಕೃತ ಗೀತೆಯಲ್ಲಿಯೇ ಆಕಾಶವನ್ನು ತುಂಬುವ ಹೊಗೆಯ ವೈಭವವನ್ನು ಹಾಡಿದ್ದರು. ಶಾಲೆಯ ಮಕ್ಕಳು ಅದನ್ನು ಕಲಿತು ಹೇಳುತ್ತಿದ್ದರು. ಹೊಗೆಯಿದ್ದರೆ ಕೂಲಿಯುಂಟು, ಕೂಲಿಯಿದ್ದರೆ ಅನ್ನವುಂಟು ಎಂಬ ಲೆಕ್ಕ ಎಲ್ಲರಿಗೂ ತಿಳಿದಿತ್ತು. ಬರಗಾಲದ ಸೀಮೆಯಲ್ಲಿ ಮೋಡವನ್ನು ನೋಡಿ ಹಿಗ್ಗುವಂತೆ ಅವರು ಹೊಗೆಯನ್ನು ನೋಡಿ ಹಿಗ್ಗುತ್ತಿದ್ದರು. ಈ ಹಿಗ್ಗನ್ನು ಇಂದು ಗೇಲಿಮಾಡುವುದು ಸುಲಭ. ಹೊಟ್ಟೆ ತುಂಬಿದವರಿಗೆ ಮಾತ್ರ ಅದು ಸಲ್ಲುವ ಗೇಲಿ.

ಆ ಅನ್ನದ ಬೆಲೆಯೂ ಕಡಮೆಯಾಗಿರಲಿಲ್ಲ. ಹನ್ನೆರಡು ಗಂಟೆಗಳ ಪಾಳಿ, ಕರಗಿದ ಕಬ್ಬಿಣದ ಝಳ, ಯುದ್ಧಾನಂತರ ಏರಿದ ಅಕ್ಕಿಯ ಧಾರಣೆ ಇವುಗಳಿಂದ ಬೆಂದ ಕೆಲಸಗಾರರು ೧೯೨೦ರ ಫೆಬ್ರವರಿ ೫ರಂದು ಮುಷ್ಕರ ಹೂಡಿದರು. ಹತ್ತು ಸಾವಿರಕ್ಕೂ ಹೆಚ್ಚು ಜನರು ಹೊರಬಂದರು. ಮೊದಲ ಕುಲುಮೆ ಹೊತ್ತಿ ಸರಿಯಾಗಿ ಹತ್ತೊಂಬತ್ತು ವರ್ಷ ತುಂಬಿದ ದಿನ ಯಾಹತಾದ ಚಿಮಣಿಗಳಲ್ಲಿ ಹೊಗೆ ನಿಂತಿತು. ಮುಂದಾಳುಗಳು ಸೆರೆಮನೆ ಸೇರಿದರು. ಆದರೆ ಪಾಳಿಯ ಅವಧಿಯನ್ನು ಕಾರ್ಖಾನೆಯವರು ಇಳಿಸಬೇಕಾಗಿ ಬಂದಿತು. ಮುಂದಾಳುಗಳಲ್ಲಿ ಒಬ್ಬನಾದ ಆಸಾಹಾರಾ ಕೆಂಜೋ ೧೯೨೮ರಲ್ಲಿ ಶಾಸನಸಭೆಗೆ ಚುನಾಯಿತನಾದನು.

ಯಾಹತಾದಲ್ಲಿ ಮೊದಲ ಬೆಂಕಿ ಹೊತ್ತುತ್ತಿದ್ದ ಕಾಲದಲ್ಲಿಯೇ, ೧೮೯೯ರಿಂದ ೧೯೦೨ರವರೆಗೆ, ಪ್ರಸಿದ್ಧ ಸಾಹಿತಿ ಮೋರಿ ಓಗಾಯಿ ಸೈನ್ಯದ ವೈದ್ಯಾಧಿಕಾರಿಯಾಗಿ ಕೊಕುರಾದಲ್ಲಿದ್ದನು. ಅವನಿದ್ದ ಸಣ್ಣ ಮರದ ಮನೆ ಅಂಗಡಿಬೀದಿಗಳ ಮಧ್ಯೆ ಇನ್ನೂ ನಿಂತಿದೆ. ಇದ್ದಲಿನ ಗಣಿಗಳಿಂದ ದಿಢೀರನೆ ಹಣವಂತರಾದವರ ನಡತೆಯನ್ನು ಕಂಡು, ತನ್ನ ಕೈಯಲ್ಲಿ ಅಂಥ ಐಶ್ವರ್ಯವಿದ್ದಿದ್ದರೆ ವಿದ್ಯೆಗೂ ಕಲೆಗೂ ವ್ಯಯಿಸುತ್ತಿದ್ದೆನೆಂಬ ಅಭಿಪ್ರಾಯದ ಲೇಖನವೊಂದನ್ನು ಅವನು ಅಲ್ಲಿಯ ಪತ್ರಿಕೆಗೆ ಬರೆದನು. ಅವನು ಕೊಕುರಾದಲ್ಲಿ ಬರೆದ ದಿನಚರಿ ಬಹುಕಾಲ ಕಾಣೆಯಾಗಿತ್ತು. ಆ ದಿನಗಳ ನೆನಪುಗಳನ್ನು ಮನೆಮನೆಗೆ ಹೋಗಿ ಕೂಡಿಹಾಕುವ ಅಂಗವಿಕಲ ಯುವಕನೊಬ್ಬನ ಕಥೆಯನ್ನು ಮಾತ್ಸುಮೋತೋ ಸೇಯ್ಚೋ ಎಂಬಾತ ಬರೆದು, ೧೯೫೩ರಲ್ಲಿ ಆ ದೇಶದ ದೊಡ್ಡ ಸಾಹಿತ್ಯ ಬಹುಮಾನವನ್ನು ಪಡೆದನು. ಸೇಯ್ಚೋ ಕೊಕುರಾದ ಬಡಮನೆತನದಲ್ಲಿ ಬೆಳೆದು, ಮುದ್ರಣದ ಕೆಲಸ ಮಾಡಿ ಹೊಟ್ಟೆ ಹೊರೆದವನು. ಕೋಟೆಯ ಪಕ್ಕದಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. ಕೈಯಲ್ಲಿ ಒಂದೇ ಘಂಟೆಯ ಬಿಡುವಿದ್ದವರು ಕೋಟೆಯನ್ನು ಬಿಟ್ಟು ಇದನ್ನು ನೋಡಬೇಕೆಂದು ನನ್ನ ಸಲಹೆ.

ಇನ್ನು ಯುದ್ಧದ ಸಂಗತಿ. ೧೯೪೪ರ ಜೂನ್ ೧೫-೧೬ರ ರಾತ್ರಿ ಅಮೆರಿಕದ ಬಿ-೨೯ ವಿಮಾನಗಳು ಜಪಾನಿನ ಮುಖ್ಯ ದ್ವೀಪಗಳ ಮೇಲೆ ಮೊಟ್ಟಮೊದಲ ಬಾರಿಗೆ ಬಾಂಬು ಸುರಿದುವು. ಅವುಗಳ ಗುರಿ ಯಾಹತಾ. ಆ ವಿಮಾನಗಳ ಮೂಲಸ್ಥಾನ ನಮ್ಮ ದೇಶದ ಖರಗಪುರ ಮೊದಲಾದ ಬಂಗಾಳ ಸೀಮೆಯ ನೆಲೆಗಳೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಲ್ಲಿಂದ ಹಿಮಾಲಯವನ್ನು ದಾಟಿ ಚೀನದ ಛಂಗ್ಡು ನಗರದ ಬಳಿ ಇಳಿದು, ಭಾರತದಿಂದಲೇ ಸಾಗಿಸಿದ ಎಣ್ಣೆಯನ್ನು ತುಂಬಿಕೊಂಡು ಮುಂದೆ ಹಾರುತ್ತಿದ್ದುವು. ಆ ರಾತ್ರಿ ಕಾರ್ಖಾನೆಗೆ ಆದ ನಷ್ಟ ಅತ್ಯಲ್ಪ. ೧೯೪೫ರ ಆಗಸ್ಟ್ ೮ರ ದಾಳಿ ಹಾಗಿರಲಿಲ್ಲ. ಬೆಂಕಿಬಾಂಬುಗಳಿಂದ ಯಾಹತಾ ಪಟ್ಟಣ ಉರಿದು, ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು ೨,೫೦೦ ಮಂದಿಯಾದರು. ಆಗ ಅಲ್ಲಿಯ ಕಾರ್ಖಾನೆಗಳಲ್ಲಿಯೂ ಗಣಿಗಳಲ್ಲಿಯೂ ದುಡಿಯುತ್ತಿದ್ದವರಲ್ಲಿ ಕೊರಿಯಾದಿಂದ ಬಲಾತ್ಕಾರವಾಗಿ ತಂದವರೂ ಯುದ್ಧದ ಕೈದಿಗಳೂ ಇದ್ದರು.

ಯಾಹತಾ ಉರಿದುದರ ಮರುದಿನ ಆಗಸ್ಟ್ ೯. ಕೊಕುರಾದಲ್ಲಿ ಸೈನ್ಯದ ದೊಡ್ಡ ಆಯುಧಾಗಾರವಿತ್ತು. ಬಂದೂಕು ಫಿರಂಗಿಗಳಲ್ಲದೆ, ಶಾಂತಸಾಗರದ ಮೇಲೆ ಗಾಳಿಯಲ್ಲಿ ತೇಲಿಬಿಡುವ ಕಾಗದದ ಬಾಂಬುಬುರುಡೆಗಳನ್ನೂ ಅಲ್ಲಿ ಮಾಡುತ್ತಿದ್ದರು. ಅವನ್ನು ಅಂಟಿಸುವ ಕೆಲಸಕ್ಕೆ ಶಾಲೆಯ ಹುಡುಗಿಯರನ್ನು ಹಚ್ಚಿದ್ದರು. ಎರಡನೆಯ ಅಣುಬಾಂಬಿನ ಮೊದಲ ಗುರಿ ಈ ಆಯುಧಾಗಾರ. ಬಾಂಬನ್ನು ಹೊತ್ತ ವಿಮಾನ ಬೆಳಿಗ್ಗೆ ಕೊಕುರಾದ ಮೇಲೆ ಬಂದಿತು. ಗುರಿಯನ್ನು ಕಣ್ಣಾರೆ ಕಂಡಲ್ಲದೆ ಬಾಂಬನ್ನು ಬಿಡಕೂಡದೆಂದು ಅದರ ನಡೆಸುಗಾರರಿಗೆ ಅಪ್ಪಣೆಯಿತ್ತು. ಮೂರು ಸಲ ಬೇರೆ ಬೇರೆ ದಿಕ್ಕಿನಿಂದ ಊರನ್ನು ಹಾದರು. ಕೆಳಗೆ ಮಬ್ಬು ಕವಿದಿತ್ತು, ಆಯುಧಾಗಾರ ಕಾಣಲಿಲ್ಲ. ಎಣ್ಣೆ ಕಡಮೆಯಾಗುತ್ತ ಬಂದಿತು. ವಿಮಾನವನ್ನು ತಿರುಗಿಸಿ ಎರಡನೆಯ ಗುರಿಯಾದ ನಾಗಾಸಾಕಿಗೆ ಹೋದರು. ೧೧ ಗಂಟೆ ೨ ನಿಮಿಷಕ್ಕೆ ಅಲ್ಲಿ ಬಾಂಬು ಸಿಡಿಯಿತು. ಆ ವರ್ಷ ಮುಗಿಯುವುದರೊಳಗೆ ನಾಗಾಸಾಕಿಯಲ್ಲಿ ಸುಮಾರು ೭೪,೦೦೦ ಜನರು ಸತ್ತರು. ಮೂರು ದಿನ ಮೊದಲು, ಹಿರೋಷಿಮಾದ ಆಕಾಶ ಮುಚ್ಚಿಕೊಂಡಿದ್ದರೆ ಹೋಗಬೇಕಾಗಿದ್ದ ಗುರಿಗಳಲ್ಲಿಯೂ ಕೊಕುರಾದ ಹೆಸರಿತ್ತು.

ಆ ಮಬ್ಬು ಯಾವುದರದು? ಹಿಂದಿನ ದಿನ ಉರಿದ ಯಾಹತಾದ ಹೊಗೆ ಗಾಳಿಯಲ್ಲಿ ತೇಲಿಬಂದುದೆಂದು ಬಹುಮಂದಿಯ ಅಭಿಪ್ರಾಯ. ಬರೀ ಮೋಡವೆಂದು ಕೆಲವರ ವಾದ. ೨೦೧೪ರಲ್ಲಿ, ಯಾಹತಾ ಕಾರ್ಖಾನೆಯಲ್ಲಿ ಕೆಲಸಮಾಡಿದ್ದ ವೃದ್ಧರೊಬ್ಬರು ಪತ್ರಿಕೆಯವರಿಗೆ ಮೂರನೆಯದೊಂದು ಸಂಗತಿಯನ್ನು ಹೇಳಿದರು: ಹಿರೋಷಿಮಾದ ಸುದ್ದಿ ತಿಳಿದಿದ್ದ ಅವರು, ವಿಮಾನಗಳು ಬರುತ್ತಿವೆಯೆಂದು ಕೇಳಿದೊಡನೆ, ಶತ್ರುವಿನ ಕಣ್ಣು ಕಟ್ಟುವುದಕ್ಕಾಗಿ ಪೀಪಾಯಿಗಳಲ್ಲಿ ಟಾರನ್ನು ಸುಟ್ಟು ಕರಿಹೊಗೆ ಎಬ್ಬಿಸಿದರಂತೆ. ಮೂರೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಅಂತೂ ಆ ಮುದುಕರು ಎಪ್ಪತ್ತು ವರ್ಷಗಳ ಕಾಲ ಈ ಮಾತನ್ನು ಬಾಯಿಬಿಟ್ಟು ಹೇಳದೆ ಇದ್ದರೆಂಬುದನ್ನು ಓದಿ ನಾನು ಬಹಳ ಹೊತ್ತು ಯೋಚಿಸುತ್ತ ಕುಳಿತೆ. ಊರನ್ನು ಉಳಿಸಿದ ಕೆಲಸವನ್ನು ಜಂಬದಿಂದ ಹೇಳಿಕೊಳ್ಳಬಾರದೇ ಎಂದು ನಾವು ಕೇಳಬಹುದು. ಕೊಕುರಾದಲ್ಲಿ ಬಾಂಬು ಬೀಳಲಿಲ್ಲವೆಂದರೆ ನಾಗಾಸಾಕಿಯಲ್ಲಿ ಬಿತ್ತೆಂದೇ ಅರ್ಥ. ಹೀಗಿರುವಾಗ ಅದನ್ನು ಯಾರ ಮುಂದೆ, ಯಾವ ಮುಖದಿಂದ ಹೇಳುವುದು?

ಆಯುಧಾಗಾರವಿದ್ದ ಜಾಗ ಈಗ ಉದ್ಯಾನ. ಅಲ್ಲಿ ನಾಗಾಸಾಕಿಯ ಹೆಸರಿನ ಒಂದು ಘಂಟೆಯನ್ನು ತೂಗಹಾಕಿದ್ದಾರೆ. ಪ್ರತಿವರ್ಷ ಆಗಸ್ಟ್ ೯ರಂದು ಊರಿನವರು ಅಲ್ಲಿ ಸೇರಿ ತಮ್ಮ ಬದಲಿಗೆ ಸತ್ತವರನ್ನು ಸ್ಮರಿಸುತ್ತಾರೆ. ಪಕ್ಕದಲ್ಲಿಯೇ ೨೦೨೨ರಲ್ಲಿ ಶಾಂತಿಯ ವಸ್ತುಸಂಗ್ರಹಾಲಯವೊಂದನ್ನು ತೆರೆದಿದ್ದಾರೆ. ಕೊಕುರಾದ ಅದೃಷ್ಟವೆಂಬ ಮಾತು ಪರದೇಶಗಳಲ್ಲಿ ಗಾದೆಯಂತೆ ಪ್ರಚಾರದಲ್ಲಿದೆ. ಆ ಘಂಟೆಯ ಬಳಿ ನಿಂತಾಗ ಆ ಮಾತನ್ನು ಆಡುವುದಕ್ಕೆ ನನಗೆ ನಾಲಿಗೆ ಏಳಲಿಲ್ಲ.

ಯುದ್ಧ ಮುಗಿದ ಐದಾರು ವರ್ಷಗಳಲ್ಲಿ ಚಿಮಣಿಗಳು ಮತ್ತೆ ಹೊತ್ತಿಕೊಂಡುವು. ಉಕ್ಕಿನ ಜೊತೆಗೆ ರಾಸಾಯನಿಕ, ಸಿಮೆಂಟು, ವಿದ್ಯುಚ್ಛಕ್ತಿ ಮುಂತಾದ ಕಾರ್ಖಾನೆಗಳೂ ಹೆಚ್ಚಿದುವು. ಹೊಗೆಯ ಹಾಡೂ ಮೊದಲಿನಂತೆಯೇ ಸಾಗಿತ್ತು. ಈ ಹಾಡಿಗೆ ಮೊದಲು ಅಪಸ್ವರ ಎತ್ತಿದವರು ವಿಜ್ಞಾನಿಗಳಲ್ಲ, ರಾಜಕಾರಣಿಗಳೂ ಅಲ್ಲ. ಬಟ್ಟೆ ಒಗೆಯುವ ಗೃಹಿಣಿಯರು. ಈ ಊರಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಅಧ್ಯಾಯ ಇದೇ.

೧೯೫೦ರಲ್ಲಿ ತೊಬಾತಾದ ನಾಕಾಬಾರು ಎಂಬ ಕೇರಿಯ ಹೆಂಗಸರು, ಒಣಹಾಕಿದ ಬಟ್ಟೆ ಸಂಜೆಯೊಳಗೆ ಮಸಿ ಹಿಡಿಯುವುದನ್ನು ಕಂಡು, ಇದು ಹತ್ತಿರದ ವಿದ್ಯುಚ್ಛಕ್ತಿ ಕೇಂದ್ರದ ದೂಳೆಂದು ಅನುಮಾನಿಸಿದರು. ಅನುಮಾನಕ್ಕೆ ಯಾರು ಬೆಲೆ ಕೊಡುತ್ತಾರೆ? ಅವರು ಬಿಳಿಯ ಬಟ್ಟೆಗಳನ್ನು ಹೊರಗೆ ಕಟ್ಟಿ, ಎಷ್ಟು ದಿನಕ್ಕೆ ಎಷ್ಟು ಕಪ್ಪಾಗುವುದೆಂದು ಪರೀಕ್ಷಿಸಿ, ಆ ಬಟ್ಟೆಗಳನ್ನೇ ಸಾಕ್ಷಿಯಾಗಿ ಹಿಡಿದುಕೊಂಡು ಪಟ್ಟಣಸಭೆಗೆ ಹೋದರು. ಕೊನೆಗೆ ಕಂಪೆನಿಯವರು ದೂಳನ್ನು ಹಿಡಿಯುವ ಯಂತ್ರಗಳನ್ನು ಹಾಕಿಸಿದರು.

ಹತ್ತು ಹನ್ನೆರಡು ವರ್ಷಗಳ ತರುವಾಯ ಅದೇ ತೊಬಾತಾದ ಸಾನ್ರೊಕು ಮಹಿಳಾ ಸಂಘದವರು ಇದಕ್ಕಿಂತ ಮುಂದೆ ಹೋದರು. ಕೇರಿಯ ಸಾರ್ವಜನಿಕ ಮಂದಿರದಲ್ಲಿ ಕುಳಿತು ಪಾಠ ಹೇಳಿಸಿಕೊಂಡರು. ದೂಳೆಂದರೇನು, ಗಂಧಕದ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದನ್ನು ವಿಶ್ವವಿದ್ಯಾನಿಲಯದ ವಿದ್ವಾಂಸರಿಂದ ಕೇಳಿ ತಿಳಿದರು. ಮನೆಮನೆಗೆ ಹೋಗಿ ಯಾರಿಗೆ ಕೆಮ್ಮು, ಯಾರಿಗೆ ಉಬ್ಬಸ ಎಂದು ಬರೆದುಕೊಂಡರು. ಶಾಲೆಯ ಹಾಜರಿ ಪುಸ್ತಕಗಳನ್ನು ತೆಗೆಸಿ, ಮಕ್ಕಳು ಕಾಯಿಲೆಯಿಂದ ತಪ್ಪಿಸಿಕೊಂಡ ದಿನಗಳನ್ನು ಎಣಿಸಿ, ಗಾಳಿ ಕೆಟ್ಟ ದಿನಗಳ ಲೆಕ್ಕದೊಡನೆ ಇಟ್ಟು ನೋಡಿದರು. ಎರಡೂ ಕೂಡಿಯೇ ಏರುತ್ತಿದ್ದುವು, ಕೂಡಿಯೇ ಇಳಿಯುತ್ತಿದ್ದುವು. ೧೯೬೫ರಲ್ಲಿ ಇದನ್ನೆಲ್ಲ ಬರವಣಿಗೆಯಲ್ಲಿ ಇಟ್ಟುದಲ್ಲದೆ, ಸಣ್ಣ ಕ್ಯಾಮರಾ ಹಿಡಿದು ಒಂದು ಚಲಚ್ಚಿತ್ರವನ್ನ�ೂ ತಾವೇ ತೆಗೆದರು. 'ನಮಗೆ ನೀಲಿಯ ಆಕಾಶ ಬೇಕು' ಎಂಬುದು ಅದರ ಹೆಸರಿನ ಭಾವ. ಆ ವರ್ಷ ಯಾಹತಾದ ಶಿರೋಯಾಮಾ ಎಂಬ ಕೇರಿಯಲ್ಲಿ ಒಂದು ತಿಂಗಳಿಗೆ ಒಂದು ಚದರ ಕಿಲೋಮೀಟರಿನ ಮೇಲೆ ೧೦೮ ಟನ್ನು ದೂಳು ಬಿದ್ದುದು ಲೆಕ್ಕಕ್ಕೆ ಬಂದಿದೆ. ಹಳ್ಳಿಯ ಎತ್ತಿನ ಗಾಡಿಯ ಲೆಕ್ಕದಲ್ಲಿ ನೂರಾರು ಗಾಡಿಗಳ ಹೊರೆ. ಅದು ಅಡಿಗೆಮನೆಯ ಪಾತ್ರೆಯ ಮೇಲೆ, ಹಾಸಿಗೆಯ ಮೇಲೆ, ಮಗುವಿನ ಮೂಗಿನೊಳಗೆ ಇಳಿಯುತ್ತಿತ್ತು.

ಒಂದು ವಿಷಯವನ್ನು ಇಲ್ಲಿ ಮರೆಯಬಾರದು. ಈ ಹೆಂಗಸರಲ್ಲಿ ಬಹುಮಂದಿಯ ಗಂಡಂದಿರು ಅದೇ ಕಾರ್ಖಾನೆಗಳ ನೌಕರರು. ಹೊಗೆಯನ್ನು ದೂರಿದರೆ ಅನ್ನವನ್ನು ದೂರಿದಂತೆ. ಬೀದಿಯಲ್ಲಿ ಕೂಗಾಡಿದ್ದರೆ ಮಾರನೆಯ ದಿನವೇ ಗಂಡನನ್ನು ಕರೆದು ಕೇಳುವವರಿದ್ದರು. ಬಹುಶಃ ಅದಕ್ಕಾಗಿಯೇ ಅವರು ಕೂಗಾಟಕ್ಕಿಂತ ಲೆಕ್ಕವನ್ನು ನೆಚ್ಚಿದರೆಂದು ನನಗೆ ತೋರುತ್ತದೆ. ಕೂಗನ್ನು ಗದರಿಸಿ ನಿಲ್ಲಿಸಬಹುದು; ಶಾಲೆಯ ಹಾಜರಿ ಪುಸ್ತಕವನ್ನು ಹೇಗೆ ಗದರಿಸುವುದು? ಚರಿತ್ರೆಯನ್ನು ಬರೆಯುವ ನಾವು ಶಾಸನಗಳನ್ನೂ ದಾನಪತ್ರಗಳನ್ನೂ ಆಧಾರವೆಂದು ಎಣಿಸುವಂತೆ, ಆ ಗೃಹಿಣಿಯರು ಮಸಿ ಹಿಡಿದ ಅಂಗಿಯನ್ನೂ ಹಾಜರಿ ಪಟ್ಟಿಯನ್ನೂ ಆಧಾರವನ್ನಾಗಿ ಮಾಡಿಕೊಂಡರು. ಇಂಥ ಚರಿತ್ರಕಾರರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯದು.

ಗಾಳಿಯಂತೆ ನೀರೂ ಕೆಟ್ಟಿತ್ತು. ಸೀಗಡಿಗೆ ಹೆಸರಾಗಿದ್ದ ದೋಕಾಯಿ ಕೊಲ್ಲಿಯನ್ನು ೧೯೬೬ರಲ್ಲಿ ಪರೀಕ್ಷಿಸಿದಾಗ ಅದರ ನೀರಿನಲ್ಲಿ ಆಮ್ಲಜನಕವೇ ಇಲ್ಲದ ಭಾಗಗಳು ಕಂಡುವು. ಮೀನಿರಲಿ, ಕ್ರಿಮಿಗಳೂ ಬದುಕದ ಆ ನೀರನ್ನು ಜನರು 'ಸಾವಿನ ಸಮುದ್ರ' ಎಂದು ಕರೆದರು. ೧೯೭೦ರಲ್ಲಿ ಜಪಾನಿನ ಶಾಸನಸಭೆಯು ಮಾಲಿನ್ಯವನ್ನು ತಡೆಯುವ ಹದಿನಾಲ್ಕು ಶಾಸನಗಳನ್ನು ಒಮ್ಮೆಗೇ ಅಂಗೀಕರಿಸಿತು. ೧೯೭೨ರಲ್ಲಿ ಕಿತಾಕ್ಯೂಷು ನಗರಸಭೆಯವರು ೫೪ ಕಾರ್ಖಾನೆಗಳೊಡನೆ ಕರಾರು ಬರೆಸಿಕೊಂಡರು. ೧೯೭೪-೭೫ರಲ್ಲಿ ಕೊಲ್ಲಿಯ ತಳದಿಂದ ಪಾದರಸ ಬೆರೆತ ಕೆಸರು ೩,೫೦,೦೦೦ ಘನಮೀಟರಿನಷ್ಟನ್ನು ತೋಡಿ ತೆಗೆದರು; ಖರ್ಚಿನ ಹೆಚ್ಚಿನ ಪಾಲನ್ನು ಕಾರ್ಖಾನೆಗಳೇ ಹೊತ್ತುವು. ಕುಲುಮೆಗಳ ಉರುವಲು ಬದಲಾಯಿತು, ದೂಳಿನ ಯಂತ್ರಗಳು ಬಂದುವು. ಮೀನುಗಳು ಹಿಂದಿರುಗಿದುವು. ೧೯೯೦ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಈ ನಗರವನ್ನು ಸನ್ಮಾನಿಸಿತು.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಆಕಾಶ ತಿಳಿಯಾದುದರಲ್ಲಿ ಶಾಸನಗಳ ಪಾಲೆಷ್ಟೋ, ಉಕ್ಕಿನ ಕೆಲಸ ಇಲ್ಲಿಂದ ಜಾರಿದುದರ ಪಾಲೆಷ್ಟೋ ಬೇರ್ಪಡಿಸಿ ಹೇಳುವುದು ಕಷ್ಟ. ೧೯೬೦ರ ದಶಕದ ನಡುವೆಯೇ ಟೋಕಿಯೋದ ಸಮೀಪದ ಕಿಮಿತ್ಸುವಿನಲ್ಲಿ ಯಾಹತಾದವರೇ ಹೊಸ ಕಾರ್ಖಾನೆಯನ್ನು ಕಟ್ಟಿದರು. ಸಾವಿರಾರು ಸಂಸಾರಗಳು ಸಾಮಾನು ಕಟ್ಟಿಕೊಂಡು ಅಲ್ಲಿಗೆ ಹೊರಟುವು. ೧೯೭೨ರಲ್ಲಿ ಹಿಗಾಶಿದಾದ ಮೊದಲನೆಯ ಕುಲುಮೆ ಆರಿತು. ಕಾರ್ಖಾನೆಯ ನೆಲದ ಒಂದು ಭಾಗದಲ್ಲಿ ೧೯೯೦ರಲ್ಲಿ ಒಂದು ವಿನೋದೋದ್ಯಾನ ಬಂದು, ಅದೂ ೨೦೧೭ರ ಕೊನೆಯಲ್ಲಿ ಮುಚ್ಚಿತು. ಈಗ ಅಲ್ಲಿ ದೊಡ್ಡ ಮಳಿಗೆಗಳ ಸಾಲು. ನೀಲಿಯ ಆಕಾಶವನ್ನು ಕೇಳಿದವರ ಮಕ್ಕಳು ಆಕಾಶವನ್ನು ಪಡೆದರು; ಅವರಲ್ಲಿ ಅನೇಕರು ಕೆಲಸಕ್ಕಾಗಿ ಊರನ್ನು ಬಿಡಬೇಕಾಯಿತು. ಜನಸಂಖ್ಯೆ ನಾಲ್ಕು ದಶಕಗಳಿಂದ ಇಳಿಯುತ್ತಲೇ ಇದೆ.

ಹಿಗಾಶಿದಾದ ಕುಲುಮೆಯನ್ನು ಹಾಗೆಯೇ ಉಳಿಸಿ ಸ್ಮಾರಕವನ್ನಾಗಿ ಮಾಡಿದ್ದಾರೆ. ಅದರ ನೆತ್ತಿಯ ಮೇಲೆ ೧೯೦೧ ಎಂದು ದೊಡ್ಡದಾಗಿ ಬರೆದಿದೆ. ವಾಸ್ತವವಾಗಿ ಆ ಕಟ್ಟಡ ೧೯೦೧ರದಲ್ಲ. ಹತ್ತನೆಯ ಸಲ, ೧೯೬೨ರಲ್ಲಿ, ಮತ್ತೆ ಕಟ್ಟಿದ್ದು. ಹತ್ತು ಬಾರಿ ಮೈ ಬದಲಾಯಿಸಿದರೂ ಹೆಸರು ಅದೇ. ಹಳೆಯದಾಗಿ ಉಳಿದಿರುವುದೆಂದರೆ ೧೮೯೯ರ ಕೆಂಪು ಇಟ್ಟಿಗೆಯ ಮುಖ್ಯ ಕಚೇರಿ. ೨೦೧೫ರಲ್ಲಿ ಯುನೆಸ್ಕೋ ಸಂಸ್ಥೆಯು ಪರಂಪರೆಯ ಪಟ್ಟಿಯಲ್ಲಿ ಸೇರಿಸಿದ ಜಪಾನಿನ ಕೈಗಾರಿಕಾ ಸ್ಥಳಗಳಲ್ಲಿ ಇದೂ ಒಂದು. ಕಚೇರಿ ಕಾರ್ಖಾನೆಯ ಆವರಣದೊಳಗಿರುವುದರಿಂದ ಬೇಲಿಯ ಹೊರಗಿನ ಜಗಲಿಯಿಂದ ನೋಡಿ ತೃಪ್ತಿಪಡಬೇಕು. ನಾನು ಹೋದಾಗ ಅಲ್ಲಿ ನನ್ನನ್ನು ಬಿಟ್ಟರೆ ವೃದ್ಧ ದಂಪತಿಗಳಿಬ್ಬರು ಮಾತ್ರ ಇದ್ದರು.

ಕೊನೆಯ ದಿನ ಸಂಜೆ ವಾಕಾಮಾತ್ಸುವಿಗೆ ಹೋಗಿದ್ದೆ. ಅಲ್ಲಿಂದ ತೊಬಾತಾಕ್ಕೆ ದೋಕಾಯಿ ಕೊಲ್ಲಿಯ ಬಾಯಿಯ ಮೇಲೆ ಕೆಂಪು ಬಣ್ಣದ ತೂಗುಸೇತುವೆಯೊಂದಿದೆ. ೧೯೬೨ರಲ್ಲಿ ತೆರೆದಾಗ ಪೂರ್ವದೇಶಗಳಲ್ಲೆಲ್ಲ ಅದಕ್ಕಿಂತ ಉದ್ದವಾದ ತೂಗುಸೇತುವೆ ಇರಲಿಲ್ಲವಂತೆ. ಸೇತುವೆಯಾದ ಮೇಲೂ ಕೆಳಗಿನ ಹಳೆಯ ಹಾಯುವ ದೋಣಿ ನಿಂತಿಲ್ಲ. ಮೂರು ನಾಲ್ಕು ನಿಮಿಷಗಳ ಪ್ರಯಾಣ. ಬೈಸಿಕಲ್ಲುಗಳನ್ನು ಹಿಡಿದ ಶಾಲೆಯ ಹುಡುಗರೂ ತರಕಾರಿಯ ಚೀಲ ಹಿಡಿದ ಹೆಂಗಸರೂ ಹತ್ತಿದರು. ಎದುರು ದಡದ ಕಾರ್ಖಾನೆಯ ಚಿಮಣಿಯೊಂದರಿಂದ ತೆಳುವಾದ ಬಿಳಿಯ ಆವಿ ಏಳುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಮುದುಕಿ ಆ ಕಡೆ ಒಮ್ಮೆ ನೋಡಿ, ಕೊರಳಿನ ವಸ್ತ್ರವನ್ನು ಸರಿಮಾಡಿಕೊಂಡು, ದೋಣಿ ದಡಕ್ಕೆ ತಾಗುವ ಮೊದಲೇ ಇಳಿಯಲು ಬಾಗಿಲ ಬಳಿ ಹೋಗಿ ನಿಂತಳು.